ಇಳಿಯುವ ಮುಂಚೆ ಏಳುವ ಲೆಕ್ಕ

ಬೀದರ್

ಚಿ. ಮಹೇಶನಿಗೆ ಕಾಕಾನ ಆಶೀರ್ವಾದಗಳು.

ವಾಯುಪಡೆಯಲ್ಲಿ ಫೈಟರ್ (ಯುದ್ಧ ವಿಮಾನ) ಹಾರಿಸೋಕೆ ಸಿಗಲಿಲ್ಲ, ಟ್ರಾನ್ಸ್‌ಪೋರ್ಟ್ (ಸಾಮಾನು ಸಾಗಿಸುವ ವಿಮಾನ) ಬಂತು ಅಂತ ಮುಖ ಊದಿಸಿಕೊಂಡು ಕೂತಿದ್ದೀಯಂತೆ. ನಿಮ್ಮವ್ವ ಫೋನ್ ಮಾಡಿದ್ದಳು. ದಿನಾ ತಲೆ ಮೇಲೆ ಹಾಕ್ ತರಬೇತಿ ವಿಮಾನಗಳ ಸದ್ದು ಕೇಳಿ ಬೆಳೆದ ಬೀದರಿನ ಹುಡುಗನಿಗೆ ಆ ಆಸೆ ಇರೋದೇ. ಆದರೆ ಕಾಡಿನ ಠಾಣೆಯಲ್ಲಿ ಕೂತ ಜವಾನನಿಗೆ ಹಿಟ್ಟು, ಔಷಧ, ಬ್ಯಾಟರಿ ತಂದುಕೊಡುವವನೇ ದೇವರು. 1966ರ ಮಾರ್ಚಿನಲ್ಲಿ ಮಿಜೋ ಬಂಡಾಯ ಎದ್ದಾಗ ನಮ್ಮ ಫೈಟರ್‌ಗಳು ಈಗಿನ ಮಿಜೋರಾಂನ ಐಜ್ವಾಲ್ ಊರಿನ ಮೇಲೆ ದಾಳಿ ಮಾಡಿದವು. ಮಿಜೋ ಜನ ಅದನ್ನು ಇವತ್ತಿಗೂ ಮರೆತಿಲ್ಲ. ಬಂಡಾಯ ಅಡಗಿಸೋಕೆ ಹೋದಲ್ಲಿ ಜನರ ಮನಸ್ಸೇ ಕೆಟ್ಟರೆ ಏನು ಬಂತು?

ಮಲಯಾದ (ಈಗಿನ ಮಲೇಷ್ಯಾದ ಭಾಗ) ಕಥೆ ಓದು. ಅಲ್ಲಿ ಬ್ರಿಟಿಷರು 1948ರಿಂದ 1960ರವರೆಗೆ ಕಮ್ಯುನಿಸ್ಟ್ ಗೆರಿಲ್ಲಾಗಳ ಜೊತೆ ಹೋರಾಡಿದರು. ದಟ್ಟ ಕಾಡಿನೊಳಗೆ ಸಣ್ಣ ಠಾಣೆಗಳನ್ನು ಕಟ್ಟಿ, ಒರಾಂಗ್ ಅಸ್ಲಿ ಬುಡಕಟ್ಟಿನವರನ್ನು ತಮ್ಮ ಕಡೆ ಮಾಡಿಕೊಳ್ಳಲು ನೋಡಿದರು. ಠಾಣೆಯ ಪಕ್ಕದ ಹುಲ್ಲಿನ ಪಟ್ಟಿಯಲ್ಲಿ ಪಯನಿಯರ್ ಅನ್ನೋ ವಿಮಾನ ಇಳಿಯುತ್ತಿತ್ತು. ಒಂದೇ ಎಂಜಿನ್, ಪೈಲಟ್ ಬಿಟ್ಟು ನಾಲ್ಕು ಜನ, ಅಷ್ಟೇ. ರೆಕ್ಕೆಯ ಮುಂದಿನ ಅಂಚಿನಲ್ಲಿ ಸ್ಲ್ಯಾಟ್, ಹಿಂದಿನ ಅಂಚಿನಲ್ಲಿ ದೊಡ್ಡ ಫ್ಲ್ಯಾಪ್ ಅನ್ನೋ ಚಲಿಸುವ ಪಟ್ಟಿಗಳು; ಇವು ನಿಧಾನದಲ್ಲೂ ರೆಕ್ಕೆಯ ಎತ್ತುವ ಬಲ ಹೆಚ್ಚಿಸುತ್ತವೆ. ಹಾಗಾಗಿ ವೇಗ ತೀರಾ ಇಳಿಸಿದರೂ ಬೀಳುತ್ತಿರಲಿಲ್ಲ. ದಿನಗಟ್ಟಲೆ ನಡೆಯುವ ದಾರಿ ನಿಮಿಷಗಳಲ್ಲಿ ಮುಗಿಯುತ್ತಿತ್ತು. ಹೆಲಿಕಾಪ್ಟರ್‌ಗೆ ಹೋಲಿಸಿದರೆ ಖರ್ಚೂ ಕಡಿಮೆ.

ಈಗ ನನ್ನ ಮಾತು. ಜೀವಮಾನವೆಲ್ಲ ವಿಮಾನಕ್ಕೆ ಸಾಮಾನು ಹೇರಿದವನು ನಾನು. ಇಂಥ ವಿಮಾನ ಎಲ್ಲಿ ಬೇಕಾದರೂ ಇಳಿದುಬಿಡುತ್ತದೆ, ಕಷ್ಟ ಇರೋದು ಏಳೋದರಲ್ಲಿ. ನಮ್ಮೂರಿನ ಮೇ ತಿಂಗಳ ಮಧ್ಯಾಹ್ನ ನೆನಪಿದೆಯಲ್ವಾ? ಅಂಥ ಬಿಸಿಲಿಗೆ ಗಾಳಿ ತೆಳುವಾಗುತ್ತದೆ. ರೆಕ್ಕೆಗೂ ಎಂಜಿನ್ನಿಗೂ ಕಸುವು ಸಾಲೋದಿಲ್ಲ, ಓಟ ಉದ್ದವಾಗುತ್ತದೆ. ಮಳೆಗೆ ನೆಂದ ಹುಲ್ಲಾದರೆ ಇನ್ನೂ ಉದ್ದ. ಠಾಣೆಯವರು ಬಂದು, “ಸಾಬ್, ಇದೊಂದು ಪೆಟ್ಟಿಗೆ, ಇವನೊಬ್ಬ ರಜೆ ಮೇಲೆ ಹೋಗೋನು” ಅಂತಾರೆ. ಕಾಗದದ ಮೇಲಿನ ತೂಕ ದಾಟಿದರೆ ಒಂದು ಕೊಡವನ್ನೂ ಹತ್ತಿಸಬೇಡ. ಬಯ್ದರೆ ಬಯ್ಯಲಿ.

ಇನ್ನೊಂದು. ವಿಯೆಟ್ನಾಂನಲ್ಲಿ 1967ರ ಆಗಸ್ಟ್ 3ರಂದು ಅಮೆರಿಕದ ಕ್ಯಾರಿಬೂ ಅನ್ನೋ ಸಾಗಣೆ ವಿಮಾನವೊಂದು ಇಳಿಯೋಕೆ ಬರುವಾಗ ಅವರದ್ದೇ ತೋಪಿನ ಗುಂಡು ಬಡಿದು ಬಾಲ ಕಿತ್ತುಹೋಯಿತು. ಒಳಗಿದ್ದ ಮೂವರೂ ಸತ್ತರು. ತೋಪಿನವರಿಗೆ ವಿಮಾನ ಬರ್ತಿದೆ, ವಿಮಾನದವರಿಗೆ ತೋಪು ಹಾರ್ತಿದೆ ಅಂತ ಗೊತ್ತಿರಬೇಕಿತ್ತು, ಅಲ್ವಾ? ರೇಡಿಯೋದಲ್ಲಿ “ಎಲ್ಲಾ ಸರಿ ಇದೆ” ಅಂದರೆ ಸಾಲದು. ತೋಪು ನಿಂತಿದೆಯಾ, ಪಟ್ಟಿಯ ಮೇಲೆ ದನ ಇದೆಯಾ ಅಂತ ಬಿಡಿಸಿ ಕೇಳು.

ತರಬೇತಿಗೆ ಯಲಹಂಕಕ್ಕೆ ಯಾವತ್ತು ಹೊರಡೋದು ಅಂತ ತಿಳಿಸು.

ನಿನ್ನ ಕಾಕಾ