ಗಾಲಿಯ ನಟ್ ಯಾರು ನೋಡುತ್ತಾರೆ?

ಮಾನ್ಯ ಸಂಪಾದಕರೇ,

ಕರ್ಕಶ ಸದ್ದಿನ ಸೈಲೆನ್ಸರ್ ಹಾಕಿದ ಬೈಕ್‌ಗಳನ್ನು ಪೊಲೀಸರು ಹಿಡಿದಾಗ ಪತ್ರಿಕೆಯಲ್ಲಿ ಫೋಟೊ ಬರುತ್ತದೆ. ಒಳ್ಳೆಯದೇ. ಆದರೆ ಹುಬ್ಬಳ್ಳಿ-ಧಾರವಾಡದಲ್ಲಿ ಸದ್ದಿಲ್ಲದೆ ಇನ್ನೊಂದು ಕೆಲಸ ನಡೆಯುತ್ತಿದೆ. ಗಾಲಿ ಹೊರಗೆ ಚಾಚಿ ಕಾಣಲಿ ಎಂದು ಕಾರಿಗೆ ಸ್ಪೇಸರ್ (ಗಾಲಿಯ ಹಿಂದೆ ಕೂರಿಸುವ ಲೋಹದ ಬಿಲ್ಲೆ) ಹಾಕಿಸುವುದು, ಗಾಡಿ ನೆಲಕ್ಕೆ ಹತ್ತಿರ ಕೂರಲಿ ಎಂದು ಸ್ಪ್ರಿಂಗ್ ಕತ್ತರಿಸುವುದು. ನಾನು ಗೋಕುಲ ರಸ್ತೆಯಲ್ಲಿ ವೀಲ್ ಅಲೈನ್‌ಮೆಂಟ್ ಕೆಲಸ ಮಾಡುತ್ತೇನೆ. ಇಂಥ ಗಾಡಿಗಳು ಕಡೆಗೆ ನಮ್ಮಲ್ಲಿಗೇ ಬರುತ್ತವೆ. ಎಲ್ಲರ ದೂರೂ ಹೆಚ್ಚುಕಡಿಮೆ ಒಂದೇ: 'ಎಂಬತ್ತು ದಾಟಿದ್ರ ಸ್ಟೀರಿಂಗ್ ನಡುಗತೈತಿ, ಬ್ಯಾಲೆನ್ಸಿಂಗ್ ಮಾಡಿಕೊಡ್ರಿ.'

ಮೊನ್ನೆ ಬಂದ ಒಂದು ಸ್ವಿಫ್ಟ್ ವಿಷಯ ಹೇಳುತ್ತೇನೆ. ಮುಂದಿನ ಗಾಲಿ ಬಿಚ್ಚಲು ಸ್ಪ್ಯಾನರ್ ಹಾಕಿದರೆ ನಟ್ ನಾಲ್ಕೇ ಸುತ್ತಿನಲ್ಲಿ ಕೈಗೆ ಬಂತು. ಆ ಗಾಡಿಯ ಸ್ಟಡ್, ಅಂದರೆ ನಟ್ ಕೂರುವ ಬೋಲ್ಟ್, 12 ಮಿಲಿಮೀಟರ್ ದಪ್ಪ, ಒಂದು ಸುತ್ತು ತಿರುಗಿಸಿದರೆ ನಟ್ ಒಂದೂಕಾಲು ಮಿಲಿಮೀಟರ್ ಮುಂದೆ ಹೋಗುತ್ತದೆ. ಸ್ಟಡ್ ಎಷ್ಟು ದಪ್ಪವೋ ಕನಿಷ್ಠ ಅಷ್ಟು ಉದ್ದ ನಟ್ ಅದರ ಥ್ರೆಡ್ ಹಿಡಿದಿರಬೇಕು ಎಂಬುದು ನಮ್ಮ ಕೆಲಸದಲ್ಲಿ ಎಲ್ಲರಿಗೂ ಗೊತ್ತಿರುವ ಲೆಕ್ಕ. ಅಂದರೆ ಒಂಬತ್ತು-ಹತ್ತು ಸುತ್ತು ಬೇಕು. ಒಳಗೆ 10 ಮಿಲಿಮೀಟರ್ ಸ್ಪೇಸರ್ ತುರುಕಿದ್ದರು, ಸ್ಟಡ್ ಮಾತ್ರ ಹಳೆಯದೇ. ಸ್ಪೇಸರ್ ಎಂಟು ಸುತ್ತು ತಿಂದುಹಾಕಿತ್ತು. ಉಳಿದ ನಾಲ್ಕು ಸುತ್ತಿನ ಮೇಲೆ ಆ ಹುಡುಗ ತಂದೆ-ತಾಯಿಯನ್ನು ಕೂರಿಸಿಕೊಂಡು ಗದಗಿಗೆ ಹೋಗಿ ಬಂದಿದ್ದ!

ಇನ್ನು ನಡುಕದ ವಿಷಯ. ಗಾಲಿ ಕೂರುವ ಭಾಗಕ್ಕೆ ಹಬ್ ಎನ್ನುತ್ತೇವೆ. ಅದರ ನಡುವೆ ಒಂದು ಸಣ್ಣ ಅಂಚು ಇರುತ್ತದೆ, ಗಾಲಿಯ ನಡು ತೂತು ಅದರ ಮೇಲೆ ಸರಿಯಾಗಿ ಕೂರಬೇಕು. ಸ್ವಿಫ್ಟ್‌ನಲ್ಲಿ ಅದು 54.1 ಮಿಲಿಮೀಟರ್. ದಪ್ಪ ಸ್ಪೇಸರ್ ಹಾಕಿದರೆ ಆ ಅಂಚು ಮುಚ್ಚಿಹೋಗುತ್ತದೆ. ಸ್ಪೇಸರ್‌ಗೇ ಅಂಥ ಅಂಚು ಇದ್ದರೆ ಸರಿ. ಲೇತ್‌ನಲ್ಲಿ ತಿರುವಿಸಿದ ಚಪ್ಪಟೆ ಅಲ್ಯೂಮಿನಿಯಂ ಬಿಲ್ಲೆಗೆ ಅದೆಲ್ಲಿ ಬರಬೇಕು? ಗಾಲಿ ಕೂದಲೆಳೆಯಷ್ಟು ಆಚೀಚೆ ಕೂತರೂ ಸಾಕು, ವೇಗದಲ್ಲಿ ನಡುಗುತ್ತದೆ. ಬ್ಯಾಲೆನ್ಸಿಂಗ್ ಮಷೀನ್ ಮೇಲೆ ಅದೇ ಗಾಲಿ ಸೊನ್ನೆ ತೋರಿಸುತ್ತದೆ, ಏಕೆಂದರೆ ತಪ್ಪು ಗಾಲಿಯಲ್ಲಿ ಇಲ್ಲವೇ ಇಲ್ಲ. ಗ್ರಾಹಕರು ನಮ್ಮ ಮಷೀನೇ ಸರಿ ಇಲ್ಲ ಎಂದು ಬೈದು ಹೋಗುತ್ತಾರೆ. ಅದಿರಲಿ. ಗಾಲಿ ಹೊರಗೆ ಹೋದಷ್ಟೂ ಬೇರಿಂಗ್ ಮೇಲೆ ಭಾರ ಜಾಸ್ತಿ, ತಗ್ಗಿಗೆ ಬಿದ್ದಾಗ ಸ್ಟೀರಿಂಗ್ ಕೈಯಿಂದ ಕಿತ್ತುಕೊಳ್ಳುವಂತೆ ಎಳೆಯುತ್ತದೆ.

ಗಾಡಿ ತಗ್ಗಿಸುವುದರಲ್ಲೂ ಎರಡು ಬಗೆ. ಅಳತೆಗೆ ತಕ್ಕ ಗಿಡ್ಡ ಸ್ಪ್ರಿಂಗ್, ಅದಕ್ಕೆ ಹೊಂದುವ ಶಾಕ್ ಅಬ್ಸಾರ್ಬರ್ ಹಾಕಿ ಅಲೈನ್‌ಮೆಂಟ್ ಮಾಡಿಸುವುದು ಒಂದು. ಇದ್ದ ಸ್ಪ್ರಿಂಗನ್ನೇ ಗ್ರೈಂಡರ್‌ನಿಂದಲೋ ಗ್ಯಾಸ್ ಕಟರ್‌ನಿಂದಲೋ ಒಂದೂವರೆ ಸುತ್ತು ಕತ್ತರಿಸುವುದು ಇನ್ನೊಂದು. ನಾನು ಜಾಸ್ತಿ ನೋಡುವುದು ಎರಡನೆಯದನ್ನೇ. ಗ್ಯಾಸ್ ಬಿಸಿಗೆ ಸ್ಪ್ರಿಂಗಿನ ಹದ ಕೆಡುತ್ತದೆ. ಗಾಲಿ ಕೆಳಗೆ ಇಳಿಬಿದ್ದಾಗ ಗಿಡ್ಡ ಸ್ಪ್ರಿಂಗ್ ತನ್ನ ಜಾಗದಲ್ಲೇ ಸಡಿಲವಾಗುತ್ತದೆ. ಟೋ, ಅಂದರೆ ಗಾಲಿಗಳು ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ, ಬದಲಾಗಿ ಟೈರಿನ ಒಳ ಅಂಚು ಸವೆದು ತಂತಿ ಕಾಣುತ್ತದೆ. ಹೊರಗಿನಿಂದ ಟೈರ್ ಹೊಸದರಂತೆ ಇರುವುದರಿಂದ ಮಾಲೀಕರಿಗೆ ಗೊತ್ತೇ ಆಗುವುದಿಲ್ಲ.

ನಮ್ಮ ರಸ್ತೆಗಳ ಮೇಲೆ ಈ ಶೋಕಿ ಬೇರೆ! ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುತ್ತದೆ, ಡಾಂಬರು ಅದರ ಮೇಲೆ ಕುಣಿಯುತ್ತದೆ. ರಸ್ತೆಯ ಅಳತೆ-ಮಾನದಂಡ ಹೇಳುವ ಇಂಡಿಯನ್ ರೋಡ್ ಕಾಂಗ್ರೆಸ್ ಲೆಕ್ಕದಂತೆ ಹಂಪ್ 10 ಸೆಂಟಿಮೀಟರ್ ಎತ್ತರ, ಗಾಡಿ ಸಾಗುವ ದಿಕ್ಕಿನಲ್ಲಿ 3.7 ಮೀಟರ್ ಅಗಲ ಇರಬೇಕು. ನಮ್ಮ ಬಡಾವಣೆಗಳಲ್ಲಿ ಅಂಥದ್ದನ್ನು ತೋರಿಸಿದವರಿಗೆ ನಾನೇ ಮಿರ್ಚಿ-ಚಹಾ ಕೊಡಿಸುತ್ತೇನೆ. 163 ಮಿಲಿಮೀಟರ್ ಗ್ರೌಂಡ್ ಕ್ಲಿಯರೆನ್ಸ್ ಇರುವ ಕಾರನ್ನು 40 ಮಿಲಿಮೀಟರ್ ಇಳಿಸಿ, ನಾಲ್ಕು ಜನ ಕೂತು, ಗೋಡೆಯಂಥ ಹಂಪ್ ದಾಟಿದರೆ ಆಯಿಲ್ ಚೇಂಬರ್ ಗತಿ ಏನು?

ಕಾನೂನು ಇಲ್ಲವೆಂದಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇದೆ. ತಯಾರಕರು ಕೊಟ್ಟ ಮೂಲ ವಿವರ ಬದಲಾಗುವಂತೆ ಗಾಡಿ ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಮಾಲೀಕರಿಗೆ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಎಂದಾಯಿತು. ಆದರೆ ಸ್ವಂತ ಬಳಕೆಯ ಕಾರಿನ ನೋಂದಣಿ 15 ವರ್ಷ ನಡೆಯುತ್ತದೆ. ಅಲ್ಲಿಯವರೆಗೆ ಗಾಡಿಯ ಕೆಳಗೆ ಬಗ್ಗಿ ನೋಡುವವರು ಯಾರು? ಅಪಘಾತವಾದ ಮೇಲೆ ಇನ್ಶೂರೆನ್ಸ್ ಸರ್ವೇಯರ್ ಬಗ್ಗುತ್ತಾರೆ. ಹೇಳದೆ ಮಾಡಿಸಿದ ಬದಲಾವಣೆ ಸಿಕ್ಕರೆ ಕ್ಲೇಮ್ ಕೈತಪ್ಪಬಹುದು.

ಹುಡುಗರನ್ನು ಹಿಡಿದು ದಂಡ ಹಾಕಿದರೆ ಮುಗಿಯಿತೆಂದು ನನಗೆ ಅನ್ನಿಸುವುದಿಲ್ಲ. ಅವರಿಗೆ ಗೊತ್ತಿಲ್ಲ, ಹಾಕಿಕೊಡುವವರಿಗೆ ಗೊತ್ತು. ಆರ್‌ಟಿಒ ಮತ್ತು ಸಂಚಾರ ಪೊಲೀಸರು ಅಂಗಡಿಗಳನ್ನೂ ನೋಡಬೇಕು. ಹಾಕಿದ ಸ್ಪೇಸರ್ ಎಷ್ಟು ದಪ್ಪ, ಸ್ಟಡ್ ಬದಲಿಸಿದರೋ ಇಲ್ಲವೋ, ಸ್ಪ್ರಿಂಗ್ ಯಾವುದು ಎಂದು ಬಿಲ್‌ನಲ್ಲಿ ಬರೆದು ಸಹಿ ಹಾಕುವುದನ್ನು ಕಡ್ಡಾಯ ಮಾಡಲಿ. ಬರೆದುಕೊಡಬೇಕು ಎಂದಾದರೆ ಅರ್ಧ ಅಂಗಡಿಗಳು ಈ ಕೆಲಸವನ್ನೇ ಬಿಡುತ್ತವೆ. ಹಾಗೆಯೇ ಒಂದು ಭಾನುವಾರ ದಂಡವಿಲ್ಲದ ತಪಾಸಣೆ ಇಡಲಿ, ಇಂಥ ಗಾಡಿ ಇರುವವರು ತಂದು ತೋರಿಸಲಿ. ನಟ್ ಎಷ್ಟು ಸುತ್ತಿನಲ್ಲಿ ಬಿಚ್ಚುತ್ತದೆ ಎಂದು ಎಣಿಸಲು ಎರಡು ನಿಮಿಷ ಸಾಕು. ನಮ್ಮಂಥವರು ಸ್ಪ್ಯಾನರ್ ಹಿಡಿದು ಬರಲು ತಯಾರಿದ್ದೇವೆ, ಕೂಲಿ ಬೇಡ.

ಸದ್ಯಕ್ಕಂತೂ ಬಿಲ್ ಕೇಳಿದರೆ ಸಿಗುವ ಉತ್ತರ ಇಷ್ಟೇ: 'ದೋಸ್ತ್ ಹಾಕಿಸಿಕೊಟ್ಟಾನ್ರೀ ಅಣ್ಣಾ.'

– ವೀಲ್ ಅಲೈನ್‌ಮೆಂಟ್ ಕೆಲಸಗಾರ, ಗೋಕುಲ ರಸ್ತೆ, ಹುಬ್ಬಳ್ಳಿ