ಚೀಟಿ ಪುಸ್ತಕ ಕೊಟ್ಟುಬಿಡಬೇಡ

ಲೆಸ್ಟರ್, ಇಂಗ್ಲೆಂಡ್

ಪ್ರೀತಿಯ ತಮ್ಮನಿಗೆ ಅಕ್ಕನ ಆಶೀರ್ವಾದಗಳು.

ನಾನು ಕ್ಷೇಮ. ನಿನ್ನ ಕ್ಷೇಮ ಸಮಾಚಾರಕ್ಕೆ ಬರೆ ಅಂತ ಎಂದಿನಂತೆ ಮುಂದಿನ ಸಾಲು ಹಾಕಲು ಕೈ ಏಳುತ್ತಿಲ್ಲ. ನೀನು ಹೇಗಿದ್ದೀಯ ಅಂತ ನನಗೆ ಗೊತ್ತು. ಫೋನ್ ಮಾಡಿದರೆ "ಹೂಂ ಅಕ್ಕ, ಊಟ ಆಯ್ತು" ಅಂದು ಇಟ್ಟುಬಿಡುತ್ತೀಯ. ಕಾಗದವನ್ನು ಹಾಗೆ ಅರ್ಧಕ್ಕೆ ಇಡಲಾರೆ ಅಂತ ಬರೆಯುತ್ತಿದ್ದೇನೆ.

ಮೊನ್ನೆ ನಿನ್ನ ಮಗ ಮಾತಾಡಿದ. "ಅತ್ತೆ, ಅಮ್ಮ ಹೋಗಿ ಮೂರು ತಿಂಗಳಾಯ್ತು, ಅಪ್ಪ ಹಾಗೇ ಕೂತಿರ್ತಾರೆ. ಅರಕಲಗೂಡಿನ ಮನೆ ಮಾರಿ ಬೆಂಗಳೂರಿಗೆ ಕರ್ಕೊಂಡು ಬರ್ತೀನಿ, ನೀವೊಂದು ಮಾತು ಹೇಳಿ" ಅಂದ. ದುಃಖಕ್ಕೆ ಐದು ಹಂತ ಇದೆ ಅಂತ ವಾಟ್ಸಾಪಿನಲ್ಲಿ ಏನೋ ನಿನಗೂ ಕಳಿಸಿದ್ದಾನಂತೆ. ನೀನಿನ್ನೂ ಮೊದಲನೆಯದರಲ್ಲೇ ಇದ್ದೀಯ ಅಂತ ಅವನ ಲೆಕ್ಕ. ಹುಡುಗ ಕಾಳಜಿಯಿಂದಲೇ ಮಾಡಿದ್ದಾನೆ, ಬೈಯಬೇಡ. ಆದರೆ ಆ ಐದು ಹಂತಗಳನ್ನು ಎಲಿಸಬೆತ್ ಕುಬ್ಲರ್-ರಾಸ್ ಅನ್ನುವ ವೈದ್ಯೆ 1969ರಲ್ಲಿ ಬರೆದದ್ದು ವಾಸಿಯಾಗದ ಕಾಯಿಲೆಯ ರೋಗಿಗಳನ್ನು ಮಾತಾಡಿಸಿ, ತಮ್ಮ ಸಾವನ್ನು ತಾವೇ ಎದುರು ನೋಡುತ್ತಿದ್ದವರ ಬಗ್ಗೆ. ಹಿಂದೆ ಉಳಿದ ನಮ್ಮಂಥವರಿಗೆ ಅದು ಆಮೇಲೆ ಅಂಟಿಕೊಂಡಿತು. ಒಂದನೇ ಕ್ಲಾಸು ಪಾಸಾದರೆ ಎರಡನೇ ಕ್ಲಾಸು ಅನ್ನುವ ಹಾಗೆ ದುಃಖ ನಡೆಯುವುದಿಲ್ಲ.

ನಿನ್ನ ಭಾವ ಹೋದಾಗ ನಾನು ಮೊದಲು ಜೋರಾಗಿ ಅತ್ತದ್ದು ಎಲ್ಲಿ ಗೊತ್ತಾ? ಕಸದ ಡಬ್ಬಿಯ ಮುಂದೆ. ಇಲ್ಲಿ ಯಾವ ದಿನ ಯಾವ ಕಸ ಹೊರಗಿಡಬೇಕು ಅಂತ ಲೆಕ್ಕ ಇದೆ, ಅದೆಲ್ಲ ಅವರದ್ದೇ ಕೆಲಸವಾಗಿತ್ತು. ಒಂದು ಬೆಳಿಗ್ಗೆ ಚಳಿಯಲ್ಲಿ ಡಬ್ಬಿ ಹಿಡಿದು ನಿಂತೆ, ಇವತ್ತು ಯಾವುದು ಅಂತ ತಿಳಿಯಲಿಲ್ಲ. ದಹನದ ದಿನ ಅಷ್ಟು ಅತ್ತಿರಲಿಲ್ಲ. ಇಲ್ಲಿ ದಹನಕ್ಕೂ ಸರದಿ, ವಾರಗಟ್ಟಲೆ ಕಾಯಬೇಕು. ಊರಲ್ಲಾದರೆ ಬೆಳಿಗ್ಗೆ ಹೋದವರ ಕೆಲಸ ಸಂಜೆಗೆ ಮುಗಿದು, ಮೂರನೇ ದಿನ ಹಾಲುತುಪ್ಪ, ಹನ್ನೊಂದಕ್ಕೆ ತಿಥಿ ಅಂತ ಕಾಲ ತಾನೇ ಕೈ ಹಿಡಿದು ನಡೆಸುತ್ತದೆ. ಇಲ್ಲಿ ಆ ವಾರಗಳಲ್ಲಿ ಏನು ಮಾಡಬೇಕು ಅಂತಲೇ ಗೊತ್ತಾಗುವುದಿಲ್ಲ. ಆಮೇಲೆ ಅಸ್ಥಿಯನ್ನು ಅರ್ಧ ಇಲ್ಲಿನ ಸೋರ್ ನದಿಗೆ ಬಿಟ್ಟು, ಅರ್ಧ ಶ್ರೀರಂಗಪಟ್ಟಣಕ್ಕೆ ತಂದೆ, ನೀನೇ ಜೊತೆಗಿದ್ದೆಯಲ್ಲ. ತಿಥಿಯ ಊಟ ಮುಗಿಸಿ ನೆಂಟರೆಲ್ಲ ಹೊರಟ ಮೇಲೆ ಮನೆ ಹೇಗಿರುತ್ತದೆ ಅನ್ನುವುದು ಮಾತ್ರ ಎರಡೂ ಕಡೆ ಒಂದೇ.

ಪಕ್ಕದ ಮನೆಯ ಗುಜರಾತಿ ಹೆಂಗಸಿನ ಬಗ್ಗೆ ಹಿಂದೆ ಹೇಳಿದ್ದೆ, ಬೆನ್ ಅಂತ ಕರೆಯುತ್ತೇನೆ, ಅವರ ಮಾತಲ್ಲಿ ಅಕ್ಕ ಅಂತ. 1972ರಲ್ಲಿ ಉಗಾಂಡದ ಸರ್ವಾಧಿಕಾರಿ ಇದಿ ಅಮೀನ್ ಅಲ್ಲಿನ ಭಾರತೀಯರನ್ನು ಹೊರದಬ್ಬಿದಾಗ ಬಂದವರು. ಅವರು ಖಿಚಡಿ ತಂದುಕೊಟ್ಟು ಸುಮ್ಮನೆ ಎದುರಿಗೆ ಕೂರುತ್ತಿದ್ದರು. ಸಮಾಧಾನ ಮಾಡಿಕೊ ಅಂತ ಒಂದು ಸಲವೂ ಅನ್ನಲಿಲ್ಲ. ನಾನು ತಿಂದು ಮುಗಿಸುವವರೆಗೆ ಏಳುತ್ತಲೂ ಇರಲಿಲ್ಲ! ನನ್ನನ್ನು ಕ್ರೂಸ್ ಅನ್ನುವ ಸಂಸ್ಥೆಯವರ ಹತ್ತಿರ ಎಳೆದುಕೊಂಡು ಹೋದವರೂ ಅವರೇ. 1959ರಲ್ಲಿ ವಿಧವೆಯರಿಗೆ ಅಂತ ಶುರುವಾದದ್ದು ಅದು, ಈಗ ಯಾರನ್ನು ಕಳೆದುಕೊಂಡವರಾದರೂ ಹೋಗಬಹುದು. ಮನೆಯ ದುಃಖವನ್ನು ಹೊರಗಿನವರ ಮುಂದೆ ಹೇಳಿಕೊಳ್ಳುವುದೇ ಅಂತ ನನಗೆ ನಾಚಿಕೆ. ಹೋದರೆ, ನಮ್ಮ ವಯಸ್ಸಿನ ಬಿಳಿ ಗಂಡಸೊಬ್ಬರು, ಹೆಂಡತಿ ಹೋದಮೇಲೆ ಮೊಟ್ಟೆ ಬೇಯಿಸಲು ಎಷ್ಟು ಹೊತ್ತು ಬೇಕು ಅಂತ ಯಾರನ್ನು ಕೇಳಲಿ ಅಂದು ಗಳಗಳನೆ ಅತ್ತರು. ನಿನ್ನ ನೆನಪಾಯ್ತು. ಮುದ್ದೆ ತೊಳಸಲು ಬಾರದೆ ಬರೀ ಅನ್ನ, ಮಜ್ಜಿಗೆಯಲ್ಲಿ ದಿನ ದೂಡುತ್ತಿದ್ದೀಯಂತೆ.

ಅಲ್ಲಿ ಕೇಳಿದ ಒಂದು ಮಾತು ನನಗೆ ಉಪಯೋಗಕ್ಕೆ ಬಂತು. ನೆದರ್‌ಲೆಂಡ್ಸಿನ ಮಾರ್ಗರೆಟ್ ಸ್ಟ್ರೋಬ, ಹೆಂಕ್ ಸ್ಕುಟ್ ಅನ್ನುವ ಇಬ್ಬರು 1999ರಲ್ಲಿ ಬರೆದದ್ದಂತೆ. ಕಳೆದುಕೊಂಡವರು ಒಂದಷ್ಟು ಹೊತ್ತು ಹೋದವರ ಕಡೆ ತಿರುಗಿರುತ್ತಾರೆ, ಒಂದಷ್ಟು ಹೊತ್ತು ಮುಂದಿನ ಕೆಲಸದ ಕಡೆ. ಹೀಗೆ ಅತ್ತಿಂದಿತ್ತ ಓಡಾಡುವುದೇ ಸರಿಯಾದ ದಾರಿ ಅಂತ. ಬೆಳಿಗ್ಗೆ ಅತ್ತು, ಮಧ್ಯಾಹ್ನ ಪಕ್ಕದವರ ಹತ್ತಿರ ನಕ್ಕು, ರಾತ್ರಿ ಮತ್ತೆ ಅತ್ತರೆ ನಿನಗೇನೂ ಆಗಿಲ್ಲ. ಮದುವೆ ಮನೆಯಲ್ಲಿ ನಗು ಬಂತು, ಅವಳಿಗೆ ಮೋಸ ಮಾಡಿದ ಹಾಗಾಯ್ತು ಅಂತ ನೀನು ಅಂದೆಯಲ್ಲ, ಅದಕ್ಕೇ ಇದನ್ನು ಬರೆದೆ.

ಇನ್ನು ಮೈಯ ವಿಷಯ. ನರ್ಸ್ ಆಗಿದ್ದವಳು, ಇದನ್ನು ಬಿಡುವುದಿಲ್ಲ. ಅದೇ 1969ರಲ್ಲಿ ಇಲ್ಲಿ ಇನ್ನೊಂದು ಅಧ್ಯಯನ ಬಂತು. ಹೆಂಡತಿ ತೀರಿಕೊಂಡ, 55 ದಾಟಿದ 4,486 ಗಂಡಸರನ್ನು ವರ್ಷಗಟ್ಟಲೆ ಗಮನಿಸಿದರು. ಮೊದಲ ಆರು ತಿಂಗಳಲ್ಲಿ ಅವರಲ್ಲಿ 213 ಜನ ಹೋದರು, ಅದೇ ವಯಸ್ಸಿನ ಸಂಸಾರಸ್ಥರಿಗಿಂತ ನೂರಕ್ಕೆ 40ರಷ್ಟು ಹೆಚ್ಚು. ಬಹಳ ಜನಕ್ಕೆ ಹೃದಯದ ತೊಂದರೆ. ಹೆದರಿಸಲು ಹೇಳುತ್ತಿಲ್ಲ. ಆರು ತಿಂಗಳಾದ ಮೇಲೆ ಆ ಲೆಕ್ಕ ನಿಧಾನವಾಗಿ ಇಳಿದು ಉಳಿದವರ ಸಮಕ್ಕೆ ಬಂತು ಅಂತಲೂ ಅದೇ ಅಧ್ಯಯನದಲ್ಲಿದೆ. ಅಂದರೆ ನಿನಗೆ ಇದೇ ಗಂಡಾಂತರದ ಕಾಲ. ಬಿಪಿ, ಸಕ್ಕರೆ ಮಾತ್ರೆಗಳನ್ನು ಇಷ್ಟು ವರ್ಷ ಅವಳು ಅಂಗೈಗೆ ಇಡುತ್ತಿದ್ದಳು, ಈಗ ನೀನೇ ತೆಗೆದುಕೊಳ್ಳಬೇಕು. ಎದೆ ಬಿಗಿ ಅನಿಸಿದರೆ "ದುಃಖಕ್ಕೆ ಹೀಗಾಗ್ತಿದೆ" ಅಂತ ಕೂರದೆ ಆಸ್ಪತ್ರೆಗೆ ಹೋಗು.

ಮೂರು ತಿಂಗಳ ದುಃಖ ಕಾಯಿಲೆಯಲ್ಲ, ಇದನ್ನು ನಿನ್ನ ಮಗನಿಗೂ ಹೇಳಿದ್ದೇನೆ. ವೈದ್ಯರ ಪುಸ್ತಕಗಳೂ ಅದನ್ನು ಕಾಯಿಲೆ ಅನ್ನಲು ಕೆಲವು ಕಡೆ ಆರು ತಿಂಗಳು, ಕೆಲವು ಕಡೆ ವರ್ಷ ಕಾಯುತ್ತವೆ. ಆದರೆ ರಾತ್ರಿ ನಿದ್ದೆಯೇ ಇಲ್ಲ, ಬದುಕೇ ಬೇಡ ಅನಿಸಿದರೆ 14416ಕ್ಕೆ ಫೋನ್ ಮಾಡು. ಟೆಲಿ ಮಾನಸ್ ಅಂತ, ಸರ್ಕಾರದ್ದು, ದುಡ್ಡು ಕೊಡಬೇಕಿಲ್ಲ, ಯಾವ ಹೊತ್ತಿಗಾದರೂ ಕನ್ನಡದಲ್ಲೇ ಮಾತಾಡುತ್ತಾರೆ. ಅದಕ್ಕಿಂತ ಮುಂಚೆ ನನಗೆ ಮಾಡು. ನಿನಗೆ ನಡುರಾತ್ರಿಯಾದಾಗ ನನಗಿನ್ನೂ ಸಂಜೆ, ಎದ್ದೇ ಇರುತ್ತೇನೆ.

ಮನೆ ಮಾರುವ ಮಾತು ವರ್ಷದ ತಿಥಿ ಕಳೆಯುವವರೆಗೆ ಬೇಡ. ನನ್ನ ಮಗಳೂ ಹೀಗೇ ಅಂದಿದ್ದಳು, ಲಂಡನ್ನಿಗೆ ಬಾ ಅಂತ. ಹೋಗಿದ್ದರೆ ಗಂಡನ ಜೊತೆಗೆ ಬೆನ್, ಬಸ್ಸು, ತರಕಾರಿ ಅಂಗಡಿ ಎಲ್ಲವನ್ನೂ ಕಳೆದುಕೊಳ್ಳುತ್ತಿದ್ದೆ. ನೀನು ಬೆಂಗಳೂರಿನ ಏಳನೇ ಮಹಡಿಯಲ್ಲಿ ಯಾರ ಹತ್ತಿರ ಅಡಿಕೆ ಕೇಳುತ್ತೀಯ? ಹದಿನೈದು ದಿನ ಹೋಗಿ ಮೊಮ್ಮಗಳ ಜೊತೆ ಇದ್ದು ಬಾ, ಬಟ್ಟೆ ಬ್ಯಾಗು ಸಾಕು, ಬೀಗದ ಕೈ ನಿನ್ನ ಜೇಬಿನಲ್ಲೇ ಇರಲಿ.

ಅವಳ ಚೀಟಿ ಪುಸ್ತಕದ ವಿಷಯವನ್ನೂ ಮಗನೇ ಹೇಳಿದ. ಬೀದಿಯ ಹೆಂಗಸರು ಲೆಕ್ಕ ಕೇಳಲು ಬಂದರೆ ಬಾಗಿಲು ಹಾಕಿಕೊಳ್ಳುತ್ತೀಯಂತೆ. ಆ ಪುಸ್ತಕದಲ್ಲಿ ಅವಳ ಕೈಬರಹ ಇದೆ, ನನಗೆ ಅರ್ಥವಾಗುತ್ತದೆ. ಆದರೆ ಅವರ ದುಡ್ಡೂ ಅದರಲ್ಲೇ ಇದೆ, ಅವರಿಗೆ ಅವಳನ್ನು ನೆನೆದು ಅಳುವ ಹಕ್ಕೂ ಇದೆ. ಒಂದು ಭಾನುವಾರ ಎಲ್ಲರನ್ನೂ ಕರೆದು ಜಗಲಿಯಲ್ಲಿ ಕೂರಿಸು, ಕಾಫಿ ಅವರೇ ಮಾಡಿಕೊಳ್ಳುತ್ತಾರೆ, ಉಳಿದ ಕಂತುಗಳ ಲೆಕ್ಕ ನೀನೇ ಮುಂದುವರಿಸು. ಇಷ್ಟು ವರ್ಷ ಸೊಸೈಟಿಯಲ್ಲಿ ಲೆಕ್ಕ ಬರೆದವನಿಗೆ ಅದೇನು ದೊಡ್ಡದಲ್ಲ. ಪುಸ್ತಕ ಮಾತ್ರ ಕೊಡಬೇಡ, ಯಾರಾದರೂ ಕೇಳಿದರೆ ಜೆರಾಕ್ಸ್ ಮಾಡಿಸಿ ಕೊಡು.

ಯುಗಾದಿ ಹೊತ್ತಿಗೆ ಬರುತ್ತೇನೆ. ವಿಮಾನ ನಿಲ್ದಾಣದಿಂದ ನಿನ್ನ ಮಗನೇ ಕರೆತರುತ್ತಾನಂತೆ. ಮನೆಯ ಮಾತು ದಾರಿಯಲ್ಲಿ ನಾನೇ ಆಡುತ್ತೇನೆ, ಅಲ್ಲಿಯವರೆಗೆ ನೀನು ಅವನ ಮೇಲೆ ರೇಗಬೇಡ. ಅಮ್ಮನನ್ನು ಕಳೆದುಕೊಂಡು ಅವನಿಗೂ ಮೂರೇ ತಿಂಗಳು. ಬಿಪಿ ನೋಡುವ ಮಿಷನ್ ಒಂದು ತರುತ್ತಿದ್ದೇನೆ, ಬೇರೆ ಏನಾದರೂ ಬೇಕಾದರೆ ಬರೆದು ತಿಳಿಸು.

ಇಂತಿ,
ನಿನ್ನ ಅಕ್ಕ