ಜಲಬಾಲವನ್ನು ಮುಳುಗಿಸಿದ್ದೂ ಜರ್ಮನ್ ಜಲಾಂತರ್ಗಾಮಿಯೇ

ಸಂಪಾದಕರಿಗೆ,

ಮಾನ್ಯರೇ,

ನೇತಾಜಿ ಸುಭಾಷಚಂದ್ರ ಬೋಸರ ಸಮುದ್ರಯಾನದ ಬಗ್ಗೆ ತಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನವನ್ನು ಆಸಕ್ತಿಯಿಂದ ಓದಿದೆ. 1943ರ ಫೆಬ್ರುವರಿಯಲ್ಲಿ ಜರ್ಮನಿಯ ಕೀಲ್ ಬಂದರಿನಿಂದ ಯು-180 ಎಂಬ ಜಲಾಂತರ್ಗಾಮಿಯಲ್ಲಿ ಸಂಗಡಿಗ ಆಬಿದ್ ಹಸನರೊಂದಿಗೆ ಹೊರಟ ನೇತಾಜಿ, ಏಪ್ರಿಲ್ ಕೊನೆಯಲ್ಲಿ ಮಡಗಾಸ್ಕರ್ ಸಮೀಪ ಅಬ್ಬರದ ಕಡಲಿನ ನಡುವೆ ರಬ್ಬರ್ ದೋಣಿಯಲ್ಲಿ ಜಪಾನಿನ ಐ-29 ಜಲಾಂತರ್ಗಾಮಿಗೆ ದಾಟಿಕೊಂಡ ಪ್ರಸಂಗವನ್ನು ಲೇಖಕರು ಚೆನ್ನಾಗಿಯೇ ಬರೆದಿದ್ದಾರೆ. ಆದರೆ ಕೊನೆಯ ಪರಿಚ್ಛೇದದಲ್ಲಿ, ಜರ್ಮನ್ ಜಲಾಂತರ್ಗಾಮಿಗಳು ಭಾರತದ ಪಾಲಿಗೆ ಮಿತ್ರರಾಗಿಯೇ ಇದ್ದವೆಂಬ ಅರ್ಥ ಬರುವ ಮಾತಿದೆ. ಅದಕ್ಕೆ ನನ್ನ ತಕರಾರಿದೆ. ಅದೇ ವರ್ಷ, ನೇತಾಜಿ ಆ ದೋಣಿ ದಾಟಿದ ಆರು ತಿಂಗಳೊಳಗೆ, ಇನ್ನೊಂದು ಜರ್ಮನ್ ಜಲಾಂತರ್ಗಾಮಿ ನಮ್ಮ ಪಡುವಣ ಕಡಲಲ್ಲಿ ಜಲಬಾಲ ಎಂಬ ಭಾರತೀಯರದೇ ಹಡಗನ್ನು ಮುಳುಗಿಸಿತ್ತು.

ಆ ಜಲಾಂತರ್ಗಾಮಿಯ ಹೆಸರು ಯು-532. ಹ್ಯಾಂಬರ್ಗಿನಲ್ಲಿ ಕಟ್ಟಿದ, ಸುಮಾರು 76 ಮೀಟರ್ ಉದ್ದದ, ನೀರಿನಡಿಯಲ್ಲಿ ಸಾಗಿ ಹಡಗಿಗೆ ಬಡಿದು ಸಿಡಿಯುವ 22 ಟಾರ್ಪೆಡೊಗಳನ್ನು ಹೊರಬಲ್ಲ, ದೂರಪ್ರಯಾಣಕ್ಕೆಂದೇ ರೂಪಿಸಿದ ಈ ನೌಕೆ 1942ರ ನವೆಂಬರಿನಲ್ಲಿ ಸೇವೆಗೆ ಸೇರಿತು. ಯುದ್ಧ ಮುಗಿಯುವವರೆಗೂ ಅದರ ಕಪ್ತಾನ ಒಬ್ಬನೇ, ಓಟೊಹೈನ್ರಿಶ್ ಯುಂಕರ್. 1943ರ ಜುಲೈ ತಿಂಗಳಿನಲ್ಲಿ ಫ್ರಾನ್ಸಿನ ಲೋರಿಯಾಂ ಬಂದರಿನಿಂದ ಹೊರಟ ಅದು, ಆಫ್ರಿಕಾವನ್ನು ಬಳಸಿಕೊಂಡು ಹಿಂದೂ ಮಹಾಸಾಗರಕ್ಕೆ ಬಂದ ತಂಡದ ಒಂದು ನೌಕೆ. ಆ ತಂಡಕ್ಕೆ ಜರ್ಮನರು ಇಟ್ಟಿದ್ದ ಹೆಸರನ್ನು ನಮ್ಮ ಕರಾವಳಿಯವರು ಗಮನಿಸಬೇಕು: ಮೊನ್ಸೂನ್, ಅಂದರೆ ನಮ್ಮದೇ ಮಳೆಗಾಲ. ಮಳೆಗಾಲದ ಅಬ್ಬರ ಇಳಿಯುತ್ತಿದ್ದಂತೆ ಅರಬ್ಬೀ ಸಮುದ್ರದಲ್ಲಿ ದಾಳಿ ಆರಂಭಿಸಬೇಕೆಂಬುದು ಅವರ ಲೆಕ್ಕಾಚಾರವಾಗಿತ್ತು. ಮೊಗವೀರರು ನೂಲ ಹುಣ್ಣಿಮೆಯಂದು ಸಮುದ್ರಪೂಜೆ ಮಾಡಿ, ಕಡಲಿಗೆ ಹಾಲೆರೆದು ದೋಣಿ ಇಳಿಸುವ, ಹಳೆಬಂದರಿನ ಧಕ್ಕೆಯಿಂದ ಹಂಚು ತುಂಬಿದ ಮಂಜಿಗಳು ಮತ್ತೆ ಹಾಯಿ ಬಿಚ್ಚುವ ಋತು ಯಾವುದೋ, ಅದನ್ನೇ ಅವರೂ ಕಾದಿದ್ದರು. ಕಡಲಿನ ಪಂಚಾಂಗ ಎಲ್ಲರಿಗೂ ಒಂದೇ ಆಗಿರುವುದರಿಂದ ಇದರಲ್ಲಿ ಆಶ್ಚರ್ಯವಿಲ್ಲ, ಆದರೂ ಓದುವಾಗ ಮನಸ್ಸು ಕಸಿವಿಸಿಗೊಳ್ಳುತ್ತದೆ.

ಹೊರಟ ನೌಕೆಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ದಾರಿಯಲ್ಲೇ ನಾಶವಾದವು ಅಥವಾ ಹಿಂದಿರುಗಿದವು. ಹಿಂದೂ ಮಹಾಸಾಗರವನ್ನು ಮುಟ್ಟಿದ ಯು-168, 183, 188, 532 ಮತ್ತು 533 ಎಂಬ ಐದಕ್ಕೆ ಮಾರಿಷಸ್‌ನ ದಕ್ಷಿಣದಲ್ಲಿ ಬ್ರಾಕೆ ಎಂಬ ಟ್ಯಾಂಕರ್ ಇಂಧನ ತುಂಬಿಸಿಕೊಟ್ಟಿತು. ಆಮೇಲೆ ಒಂದೊಂದೂ ಒಂದೊಂದು ದಿಕ್ಕಿಗೆ ಹೋಯಿತು. ಯು-168 ಮುಂಬಯಿಯ ಹೊರಗಡಲಿನಲ್ಲಿ ಹೈಚಿಂಗ್ ಎಂಬ ಹಡಗನ್ನು ಮುಳುಗಿಸಿತು. ಅಲ್ಲದೆ, ಟಾರ್ಪೆಡೊ ಖರ್ಚು ಮಾಡುವಷ್ಟು ದೊಡ್ಡದಲ್ಲದ ಹಾಯಿಹಡಗುಗಳನ್ನು ಫಿರಂಗಿಯಿಂದ ಹೊಡೆಯಿತು. ಹಾಯಿಹಡಗು ಎಂದು ನಾವು ಓದಿ ಮುಂದೆ ಹೋಗುತ್ತೇವೆ, ಆದರೆ ಹಡಗು ನಡೆಸುವ ತಂಡೇಲನೂ ನಾಲ್ಕಾರು ಖಲಾಸಿಗಳೂ ಅವರ ಅಕ್ಕಿಚೀಲವೂ ಇರುವ ಮಂಜಿಯಂಥ ಮರದ ಹಡಗು ಅದು.

ಯು-532 ನಮ್ಮ ಕಡೆಗೆ ಬಂದಿತು. ಜಲಾಂತರ್ಗಾಮಿಯೆಂದರೆ ಸದಾ ನೀರಿನಡಿಯಲ್ಲೇ ಇರುವುದೆಂಬ ಕಲ್ಪನೆ ಅನೇಕರಿಗಿದೆ. ಆ ಕಾಲದ ನೌಕೆಗಳು ನೀರಿನಡಿಯಲ್ಲಿ ಬ್ಯಾಟರಿಯ ಬಲದಿಂದ ಮಾತ್ರ ಚಲಿಸುತ್ತಿದ್ದವು. ಬ್ಯಾಟರಿ ಬರಿದಾಗುವ ಮೊದಲು ಮೇಲೆದ್ದು ಡೀಸೆಲ್ ಎಂಜಿನ್ ನಡೆಸಿ ಮತ್ತೆ ತುಂಬಿಸಿಕೊಳ್ಳಲೇಬೇಕಿತ್ತು. ಹಾಗಾಗಿ ರಾತ್ರಿಯ ಬಹುಪಾಲು ಹೊತ್ತನ್ನು ಅವು ನೀರಿನ ಮೇಲೆಯೇ ಕಳೆಯುತ್ತಿದ್ದವು. ಆ ದಿನಗಳಲ್ಲಿ ಬ್ರಿಟಿಷರ ಕಾವಲು ಹಡಗುಗಳಲ್ಲಿ ಹಲವು ಮೆಡಿಟರೇನಿಯನ್ ಕಡೆಗೆ ಹೋಗಿದ್ದರಿಂದ, ಅರಬ್ಬೀ ಸಮುದ್ರದಲ್ಲಿ ಸರಕು ಹಡಗುಗಳು ಬೆಂಗಾವಲಿಲ್ಲದೆ ಓಡಾಡುತ್ತಿದ್ದವು. 1943ರ ಅಕ್ಟೋಬರ್ 11ರಂದು ಕಣ್ಣೂರು, ಕಲ್ಲಿಕೋಟೆಗಳ ಎದುರಿನ ಕಡಲಿನಲ್ಲಿ ಯು-532ರ ಟಾರ್ಪೆಡೊ ತಗಲಿ ಜಲಬಾಲ ಮುಳುಗಿತು. ಮಂಗಳೂರಿನಿಂದ ಬೆಳಿಗ್ಗೆ ರೈಲು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಮುಟ್ಟಬಹುದಾದ ದೂರವಿದು.

ಜಲಬಾಲದ ಒಡೆತನ ಸಿಂಧಿಯಾ ಸ್ಟೀಮ್ ನ್ಯಾವಿಗೇಷನ್ ಕಂಪನಿಯದು. ಬ್ರಿಟಿಷ್ ಹಡಗು ಕಂಪನಿಗಳ ಏಕಸ್ವಾಮ್ಯವನ್ನು ಎದುರಿಸಲೆಂದು 1919ರಲ್ಲಿ ವಾಲಚಂದ್ ಹೀರಾಚಂದ್ ಮತ್ತು ಸಂಗಡಿಗರು ಕಟ್ಟಿದ ಸ್ವದೇಶಿ ಸಂಸ್ಥೆ ಅದು. ಅದರ ಮೊದಲ ಹಡಗು ಲಾಯಲ್ಟಿಯ ಯಾನದ ನೆನಪಿಗೇ ನಾವು ಇಂದಿಗೂ ಏಪ್ರಿಲ್ 5ರಂದು ರಾಷ್ಟ್ರೀಯ ನೌಕಾಯಾನ ದಿನವನ್ನು ಆಚರಿಸುತ್ತೇವೆ. ಯುದ್ಧಕಾಲದಲ್ಲಿ ಈ ಕಂಪನಿಯ ಹಡಗುಗಳೂ ಬ್ರಿಟಿಷ್ ಧ್ವಜದಡಿಯಲ್ಲೇ ಓಡಬೇಕಿತ್ತು. ಪೆರಿಸ್ಕೋಪಿನಲ್ಲಿ ಕಣ್ಣಿಟ್ಟವನಿಗೆ ಅದು ಶತ್ರುವಿನ ಸರಕು ಹಡಗು, ಅಷ್ಟೇ. ಯುಂಕರನನ್ನು ನಾನು ದೂರುತ್ತಿಲ್ಲ. ಆದರೆ ಒಬ್ಬ ಭಾರತೀಯನನ್ನು ಜರ್ಮನ್ ನೌಕೆ ಹೊತ್ತೊಯ್ದ ಸಂಗತಿಯನ್ನು ವರ್ಷವರ್ಷವೂ ಸ್ಮರಿಸುವ ನಾವು, ಭಾರತೀಯರ ಹಡಗನ್ನು ಅಂಥದೇ ನೌಕೆ ಮುಳುಗಿಸಿದ್ದನ್ನು ಪೂರ್ತಿ ಮರೆತಿರುವುದು ನ್ಯಾಯವಲ್ಲ.

ಯು-532ರ ಮುಂದಿನ ಕಥೆಯನ್ನು ಚುಟುಕಾಗಿ ಹೇಳುವುದಾದರೆ, ಅದು ಅಕ್ಟೋಬರ್ ಕೊನೆಗೆ ಜಪಾನೀಯರ ವಶದಲ್ಲಿದ್ದ ಮಲಯದ ಪೆನಾಂಗ್ ಬಂದರು ಸೇರಿತು. ಐದರಲ್ಲಿ ಪೆನಾಂಗ್ ಕಂಡವು ನಾಲ್ಕೇ, ಏಕೆಂದರೆ ಯು-533 ಅಷ್ಟರಲ್ಲಿ ಓಮಾನ್ ಕೊಲ್ಲಿಯಲ್ಲಿ ವಿಮಾನದಾಳಿಗೆ ತುತ್ತಾಗಿ, ಅದರ ಒಬ್ಬನೇ ನಾವಿಕ ಬದುಕುಳಿದಿದ್ದನು. ಒಟ್ಟು 8 ಹಡಗುಗಳನ್ನು ಮುಳುಗಿಸಿದ ಯು-532, 1945ರ ಆರಂಭದಲ್ಲಿ ತವರ, ರಬ್ಬರ್, ಕ್ವಿನೈನ್ ಹೇರಿಕೊಂಡು ಯುರೋಪಿಗೆ ಹೊರಟು, ದಾರಿಯಲ್ಲಿರುವಾಗಲೇ ಜರ್ಮನಿ ಸೋತಿದ್ದರಿಂದ ಬ್ರಿಟಿಷರಿಗೆ ಶರಣಾಗಿ, ಸರಕಿನ ಸಮೇತ ಲಿವರ್‌ಪೂಲ್ ಬಂದರಿಗೆ ಬಂತು. ಅದೇ ವರ್ಷದ ಡಿಸೆಂಬರಿನಲ್ಲಿ ಅದನ್ನು ಅಟ್ಲಾಂಟಿಕ್‌ನಲ್ಲಿ ಮುಳುಗಿಸಲಾಯಿತು.

ಇದರೊಂದಿಗೆ ಒಂದು ಸಣ್ಣ ತಿದ್ದುಪಡಿ. ಮದರಾಸಿನ ಮೇಲೆ ಗುಂಡು ಹಾರಿಸಿದ ಎಮ್ಡನ್ ಜಲಾಂತರ್ಗಾಮಿಯೆಂದು ಲೇಖನದಲ್ಲಿ ಹೇಳಿದೆ. ಎಮ್ಡನ್ ನೀರಿನ ಮೇಲೆ ಓಡುವ ಸಮರನೌಕೆ. ಆ ದಾಳಿ ನಡೆದದ್ದು 1914ರ ಸೆಪ್ಟೆಂಬರ್ 22ರಂದು, ಮೊದಲ ಮಹಾಯುದ್ಧದಲ್ಲಿ. ನಮ್ಮ ಹಿರಿಯರ ಬಾಯಲ್ಲಿ ಎರಡು ಯುದ್ಧಗಳು ಕಲಸಿಹೋಗಿರುವುದು ಸಹಜ, ಅಚ್ಚಿನಲ್ಲಿ ಹಾಗಾಗಬಾರದು.

ಎರಡನೆಯ ಮಹಾಯುದ್ಧದಲ್ಲಿ ಸತ್ತ ಆರು ಸಾವಿರಕ್ಕೂ ಹೆಚ್ಚು ಭಾರತೀಯ ನಾವಿಕರ ಹೆಸರುಗಳನ್ನು ದಾಖಲಿಸಿದ ಸ್ಮರಣ ಪುಸ್ತಕಗಳು ಮುಂಬಯಿಯಲ್ಲೂ ಬಾಂಗ್ಲಾದೇಶದ ಚಟ್ಟಗಾಂವಿನಲ್ಲೂ ಇವೆ. ಆ ಪುಟಗಳಲ್ಲಿ ನಮ್ಮ ಕರಾವಳಿಯ ಗಂಗೊಳ್ಳಿ, ಹಂಗಾರಕಟ್ಟೆ, ಮಲ್ಪೆ, ಬೆಂಗರೆಯ ಹೆಸರುಗಳಿವೆಯೇ ಎಂದು ಯಾರಾದರೂ ಕೂತು ನೋಡಬೇಕು. ಅಜ್ಜನ ಹಳೆಯ ಸಿಡಿಸಿ (ನಾವಿಕರ ಸೇವಾ ದಾಖಲೆ) ಪುಸ್ತಕವೋ, ಹಡಗು ಕಂಪನಿಯಿಂದ ಬಂದ ಕಾಗದವೋ ಮನೆಯ ಪೆಟ್ಟಿಗೆಯಲ್ಲಿದ್ದರೆ, ಅದರ ಪ್ರತಿಯನ್ನು ಕಳುಹಿಸುವಂತೆ ತಮ್ಮ ಪತ್ರಿಕೆ ಓದುಗರನ್ನು ಕೇಳಬಹುದೆಂದು ವಿನಂತಿಸುತ್ತೇನೆ. ಬಂದ ಕಾಗದಗಳನ್ನು ವಿಂಗಡಿಸಿ ಬರೆದಿಡುವ ಕೆಲಸಕ್ಕೆ ನಾನು ಸಿದ್ಧನಿದ್ದೇನೆ.

ಇತಿ,
ನಿವೃತ್ತ ಹಡಗು ಎಂಜಿನಿಯರ್,
ಹೊಯಿಗೆ ಬಜಾರ್, ಮಂಗಳೂರು